ತೋಟದ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸುವ ಮತ್ತು ತಿದ್ದುವ ಬಗೆ

ಕಾಫಿ ಎಲೆಯ ಹಿಂಬದಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಂಡರೆ ಅಥವಾ ಅಡಿಕೆ ಮರದ ಸೋಗೆ ಹಳದಿಗೆ ತಿರುಗಿದರೆ, ಆ ಎಲೆಯನ್ನೇ ಕಾಗದದಲ್ಲಿ ಸುತ್ತಿಕೊಂಡು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೋ ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರಕ್ಕೋ ಒಯ್ಯುವುದು ಬೆಳೆಗಾರರಲ್ಲಿ ಹಿಂದಿನಿಂದ ಬಂದ ರೂಢಿ. ಈಗ ಎಲೆಗಿಂತ ಮೊದಲು ಅದರ ಫೋಟೋ ಹೋಗುತ್ತದೆ. ತಜ್ಞರು ಚಿತ್ರ ನೋಡಿ ಮೊದಲ ಸಲಹೆ ಕೊಡುತ್ತಾರೆ. ಬೇಕೆನಿಸಿದರೆ ಮಾತ್ರ ಮಾದರಿ ಕೇಳುತ್ತಾರೆ ಅಥವಾ ತೋಟಕ್ಕೆ ಬರುತ್ತಾರೆ. ಹೀಗಾಗಿ ಫೋಟೋ ತೆಗೆಯುವುದು, ಅದನ್ನು ಕ್ಯಾಮರಾದಿಂದ ಕಂಪ್ಯೂಟರಿಗೆ ಇಳಿಸುವುದು, ಅಗತ್ಯವಿದ್ದಷ್ಟೇ ತಿದ್ದುವುದು, ಕೆಡದಂತೆ ಇಟ್ಟುಕೊಳ್ಳುವುದು ಇವೆಲ್ಲ ಇಂದು ತೋಟದ ಲೆಕ್ಕ ಬರೆದಿಡುವಷ್ಟೇ ಅಗತ್ಯದ ಕೆಲಸಗಳಾಗಿವೆ.

ಡಿಜಿಟಲ್ ಕ್ಯಾಮರಾ ಹೊಸದಾಗಿ ಕೈಗೆ ಬಂದವರಿಗೆ, ಮಕ್ಕಳು ಬಿಟ್ಟುಹೋದ ಹಳೆಯ ಕ್ಯಾಮರಾವನ್ನು ಬಳಕೆಗೆ ತರಬೇಕೆಂದಿರುವವರಿಗೆ ಉಪಯೋಗವಾಗಲೆಂದು ಈ ಲೇಖನವನ್ನು ಸಿದ್ಧಪಡಿಸಿದ್ದೇವೆ. ಇದರಲ್ಲಿ ಹೇಳಿರುವ ಬಹುಪಾಲು ಮಾತುಗಳು ಮೊಬೈಲ್ ಫೋನಿನಲ್ಲಿ ತೆಗೆದ ಚಿತ್ರಗಳಿಗೂ ಅನ್ವಯಿಸುತ್ತವೆ.

ಅಫಜಲಪುರದ ತೊಗರಿಯ ಪಾಠ

ವಿಷಯಕ್ಕೆ ಹೋಗುವ ಮೊದಲು ನಮ್ಮ ತೋಟಗಳಿಂದ ಬಹುದೂರದ ಒಂದು ಉದಾಹರಣೆಯನ್ನು ನೋಡೋಣ. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕು ಭೀಮಾ ತೀರದ ಎರೆ ಭೂಮಿ. ಪಕ್ಕದ ಆಳಂದ, ಜೇವರ್ಗಿಗಳಂತೆ ಇದೂ ತೊಗರಿಯ ನಾಡು. ಇಲ್ಲಿ ಅಡಿಕೆಯೂ ಇಲ್ಲ, ಕಾಫಿಯೂ ಇಲ್ಲ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಮರುವರ್ಷವೇ, 2020ರ ಅಕ್ಟೋಬರಿನಲ್ಲಿ, ಭೀಮಾ ನದಿಯ ಪ್ರವಾಹ ಅಫಜಲಪುರ, ಜೇವರ್ಗಿ ತಾಲೂಕುಗಳ ಹೊಲಗಳಿಗೆ ನುಗ್ಗಿತು. 2022ರ ಮುಂಗಾರಿನ ತೊಗರಿ ಕಾಯಿ ಕಟ್ಟುವ ಹೊತ್ತಿಗೆ ನೆಟೆ ರೋಗ ಜಿಲ್ಲೆಯಲ್ಲಿ ವ್ಯಾಪಕವಾಗಿ ಕಾಣಿಸಿಕೊಂಡು ನಿಂತ ಬೆಳೆಯೇ ಒಣಗಿತು.

ಒಣಗಿದ ತೊಗರಿ ಗಿಡವನ್ನು ದೂರದಿಂದ ನೋಡಿದರೆ ಯಾವ ಕಾರಣಕ್ಕೆ ಒಣಗಿತೆಂದು ಹೇಳಲು ಬಾರದು. ನೆಟೆ ರೋಗವಾದರೆ ಬುಡದಿಂದ ಮೇಲಕ್ಕೆ ಕಾಂಡದ ಮೇಲೆ ನೇರಳೆ ಬಣ್ಣದ ಪಟ್ಟಿ ಏರಿರುತ್ತದೆ. ಕಾಂಡವನ್ನು ಸೀಳಿದರೆ ಒಳಗೆ ಕಂದು ಅಥವಾ ಕಪ್ಪು ಗೆರೆಗಳು ಕಾಣುತ್ತವೆ. ನೀರು ನಿಂತ ಹೊಲದಲ್ಲಿ ಬರುವ ಫೈಟಾಫ್ತೊರಾ ಅಂಗಮಾರಿಯಲ್ಲಿ ಕಾಂಡದ ಮೇಲೆಯೇ ಕಪ್ಪುಗಂದು ಮಚ್ಚೆಗಳು ಬಿದ್ದು ಕಾಂಡವನ್ನು ಸುತ್ತುವರಿಯುತ್ತವೆ. ಒಂದು ಮಣ್ಣಿನಲ್ಲಿ ಉಳಿಯುವ ಶಿಲೀಂಧ್ರದ ರೋಗ. ಇದಕ್ಕೆ ಮುಂದಿನ ವರ್ಷ ಟಿಎಸ್-3ಆರ್‌ನಂಥ ನಿರೋಧಕ ತಳಿ ಮತ್ತು ಬೆಳೆ ಬದಲಾವಣೆಯೇ ದಾರಿ. ಇನ್ನೊಂದಕ್ಕೆ ನೀರು ಬಸಿದುಹೋಗುವಂತೆ ಮಾಡುವುದು ಮೊದಲ ಕೆಲಸ. ನೇರಳೆಯೋ ಕಂದೋ ಕಪ್ಪೋ ಎಂಬ ಬಣ್ಣದ ವ್ಯತ್ಯಾಸದ ಮೇಲೆ ರೈತನ ಮುಂದಿನ ವರ್ಷದ ಬಿತ್ತನೆ ನಿಂತಿದೆ.

ಈಗ ಯೋಚಿಸಿ. ಸೀಳಿದ ಕಾಂಡದ ಚಿತ್ರವನ್ನು ತಂತ್ರಾಂಶದ 'ಆಟೋ' ಗುಂಡಿ ಒತ್ತಿ ಚೆಂದ ಮಾಡಿ ಕಳುಹಿಸಿದರೆ ಏನಾಗುತ್ತದೆ? ಮಂಕು ಬಣ್ಣ ಕಡುವಾಗುತ್ತದೆ, ಕಂದು ಕೆಂಪಾಗುತ್ತದೆ, ನೇರಳೆ ಮಾಯವಾಗಲೂ ಬಹುದು. ನೋಡಿದ ತಜ್ಞರಿಗೆ ಚಿತ್ರ ಸ್ಪಷ್ಟವಾಗಿಯೇ ಕಾಣುತ್ತದೆ, ಆದರೆ ಅದು ಹೊಲದಲ್ಲಿದ್ದ ಗಿಡವಲ್ಲ. ನಮ್ಮ ಅಡಿಕೆ, ಕಾಫಿಗೂ ಇದೇ ಮಾತು. ಅಡಿಕೆಯ ಹಳದಿ ಎಲೆ ರೋಗಕ್ಕೂ ಪೋಷಕಾಂಶದ ಕೊರತೆಗೂ ಸೋಗೆ ಹಳದಿಯಾಗುತ್ತದೆ. ಎಲೆಚುಕ್ಕಿ ರೋಗದ ಕಂದು ಚುಕ್ಕಿಯ ಸುತ್ತ ಹಳದಿ ವಲಯವಿರುತ್ತದೆ. ಬಣ್ಣ ಕೆಟ್ಟರೆ ಗುರುತೇ ಕೆಟ್ಟಂತೆ.

ಆದ್ದರಿಂದ ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇಷ್ಟೇ: ಕ್ಯಾಮರಾದಿಂದ ಬಂದ ಮೂಲ ಚಿತ್ರವನ್ನು ಎಂದೂ ಮುಟ್ಟಬಾರದು. ಮೊದಲು ಇಳಿಸಿ, ಎರಡು ಕಡೆ ಇಟ್ಟು, ಆಮೇಲೆ ಅದರ ಪ್ರತಿಯನ್ನು ಮಾತ್ರ ತಿದ್ದಬೇಕು. ಉಳಿದದ್ದೆಲ್ಲ ಈ ಒಂದು ನಿಯಮವನ್ನು ಪಾಲಿಸುವ ವಿಧಾನ.

ಕ್ಯಾಮರಾದೊಳಗೆ ಏನಿದೆ?

ಡಿಜಿಟಲ್ ಕ್ಯಾಮರಾದಲ್ಲಿ ಫಿಲ್ಮಿನ ಬದಲು ಅಂಚೆ ಚೀಟಿಯ ಗಾತ್ರದ ಎಸ್‌ಡಿ ಕಾರ್ಡ್ ಇರುತ್ತದೆ. ಅದರಲ್ಲಿ ಡಿಸಿಐಎಂ ಎಂಬ ಹೆಸರಿನ ಒಂದು ಕಡತಕೋಶ, ಅಂದರೆ ಫೋಲ್ಡರ್, ಇರುತ್ತದೆ. ಯಾವ ಕಂಪನಿಯ ಕ್ಯಾಮರಾ ಆದರೂ ಈ ಹೆಸರು ಒಂದೇ. ಚಿತ್ರಗಳೆಲ್ಲ ಅದರೊಳಗೆ ಅಂಕಿಯ ಹೆಸರಿನಲ್ಲಿ ಸಾಲಾಗಿ ಕೂತಿರುತ್ತವೆ. 32 ಜಿಬಿಯ ಒಂದು ಕಾರ್ಡಿನಲ್ಲಿ, ಒಂದೊಂದು ಚಿತ್ರ 5 ಎಂಬಿ ಎಂದು ಹಿಡಿದರೆ, ಸುಮಾರು 6,000 ಚಿತ್ರ ಹಿಡಿಯುತ್ತವೆ. ಹಾಗೆಂದು ವರ್ಷಗಟ್ಟಲೆ ಕಾರ್ಡಿನಲ್ಲೇ ಬಿಡುವುದು ಸರಿಯಲ್ಲ. ಕಾರ್ಡ್ ಕೆಟ್ಟರೆ ಅಥವಾ ಕಳೆದುಹೋದರೆ ಎಲ್ಲವೂ ಒಮ್ಮೆಗೇ ಹೋಗುತ್ತದೆ.

ಕಾರ್ಡಿನ ಎಡಬದಿಯಲ್ಲಿ ಒಂದು ಸಣ್ಣ ಜಾರುಕೀಲಿ ಇರುತ್ತದೆ. ಅದನ್ನು ಕೆಳಕ್ಕೆ ಸರಿಸಿದರೆ ಕಾರ್ಡಿಗೆ ಬೀಗ ಬಿದ್ದಂತೆ. ಹೊಸದಾಗಿ ಚಿತ್ರ ಬರೆಯಲೂ ಆಗದು, ಅಳಿಸಲೂ ಆಗದು. ಕ್ಯಾಮರಾ ಇದ್ದಕ್ಕಿದ್ದಂತೆ ಚಿತ್ರ ತೆಗೆಯಲು ನಿರಾಕರಿಸಿದರೆ ಮೊದಲು ಈ ಕೀಲಿಯನ್ನು ನೋಡಬೇಕು.

ಚಿತ್ರದ ಜೊತೆಗೆ ಕ್ಯಾಮರಾ ಒಂದಿಷ್ಟು ಮಾಹಿತಿಯನ್ನೂ ಬರೆದಿಡುತ್ತದೆ. ತೆಗೆದ ದಿನ, ಗಂಟೆ, ಕ್ಯಾಮರಾದ ಹೆಸರು, ಬೆಳಕಿನ ಅಳತೆ ಇವು ಅದರಲ್ಲಿ ಸೇರಿರುತ್ತವೆ. ಮೊಬೈಲ್ ಆದರೆ, ಸ್ಥಳದ ಗುರುತನ್ನು ಚಾಲೂ ಇಟ್ಟಿದ್ದಲ್ಲಿ, ಅಕ್ಷಾಂಶ ರೇಖಾಂಶಗಳೂ ಇರುತ್ತವೆ. ಈ ಮಾಹಿತಿಗೆ ಎಕ್ಸಿಫ್ ಎನ್ನುತ್ತಾರೆ. ನಮಗೆ ಇದರಲ್ಲಿ ಬಹಳ ಮುಖ್ಯವಾದದ್ದು ದಿನಾಂಕ. ಬ್ಯಾಟರಿ ಪೂರ್ತಿ ಇಳಿದು ಬಹುದಿನ ಹಾಗೇ ಬಿಟ್ಟರೆ ಹಲವು ಕ್ಯಾಮರಾಗಳ ಗಡಿಯಾರ ಮೊದಲಿನ ಸ್ಥಿತಿಗೆ ಹೋಗಿ, ಈ ವರ್ಷದ ಚಿತ್ರಕ್ಕೂ ಹತ್ತಾರು ವರ್ಷ ಹಿಂದಿನ ದಿನಾಂಕ ಬೀಳುತ್ತದೆ. ಪ್ರತಿ ಬಾರಿ ಕ್ಯಾಮರಾ ಹೊರತೆಗೆದಾಗ ಗಡಿಯಾರ ನೋಡಿ ಸರಿಪಡಿಸುವುದನ್ನು ರೂಢಿ ಮಾಡಿಕೊಳ್ಳಬೇಕು.

ಕಂಪ್ಯೂಟರಿಗೆ ಇಳಿಸುವುದು

ಇದಕ್ಕೆ ಎರಡು ದಾರಿಗಳಿವೆ. ಒಂದು, ಕ್ಯಾಮರಾದ ಜೊತೆ ಬಂದ ಯುಎಸ್‌ಬಿ ತಂತಿಯಿಂದ ಕ್ಯಾಮರಾವನ್ನೇ ಕಂಪ್ಯೂಟರಿಗೆ ಜೋಡಿಸುವುದು. ಇನ್ನೊಂದು, ಕಾರ್ಡನ್ನು ಹೊರತೆಗೆದು ಕಾರ್ಡ್ ರೀಡರಿಗೆ ಹಾಕುವುದು. ಎರಡನೆಯದನ್ನೇ ನಾವು ಶಿಫಾರಸು ಮಾಡುತ್ತೇವೆ. ಕಾರ್ಡ್ ರೀಡರಿಗೆ ಹೆಚ್ಚು ಖರ್ಚಿಲ್ಲ. ಇಳಿಸುವಾಗ ಕ್ಯಾಮರಾದ ಬ್ಯಾಟರಿ ಮುಗಿದು ಕೆಲಸ ಅರ್ಧಕ್ಕೆ ನಿಲ್ಲುವ ಭಯವೂ ಇಲ್ಲ. ಹಳ್ಳಿಯಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದ ಕಾರಣ, ಮೇಜಿನ ಕಂಪ್ಯೂಟರಿಗೆ ಯುಪಿಎಸ್ ಇಲ್ಲದಿದ್ದರೆ ಲ್ಯಾಪ್‌ಟಾಪಿನಲ್ಲಿ ಇಳಿಸುವುದು ಕ್ಷೇಮ.

ಇಳಿಸುವ ಕ್ರಮ ಹೀಗಿರಲಿ:

1. ಕಂಪ್ಯೂಟರಿನಲ್ಲಿ 'ತೋಟದ ಚಿತ್ರಗಳು' ಎಂಬ ಒಂದು ಫೋಲ್ಡರ್ ಮಾಡಿ. ಅದರೊಳಗೆ ವರ್ಷಕ್ಕೊಂದು, ಅದರೊಳಗೆ ದಿನಕ್ಕೊಂದು ಫೋಲ್ಡರ್ ಇರಲಿ. ಹೆಸರನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆದು ಕೊನೆಗೆ ಸ್ಥಳ ಸೇರಿಸಿ. ಉದಾಹರಣೆಗೆ '2025-08-14 ಕೆಳಗಿನ ತೋಟ'. ಹೀಗೆ ಬರೆದರೆ ಕಂಪ್ಯೂಟರ್ ತಾನಾಗಿಯೇ ದಿನಾಂಕದ ಸಾಲಿನಲ್ಲಿ ಜೋಡಿಸುತ್ತದೆ. ದಿನವನ್ನು ಮೊದಲು ಬರೆದರೆ ಜನವರಿಯ 14ನೇ ತಾರೀಕೂ ಆಗಸ್ಟಿನ 14ನೇ ತಾರೀಕೂ ಅಕ್ಕಪಕ್ಕ ಬಂದು ಗೊಂದಲವಾಗುತ್ತದೆ.

2. ಕಾರ್ಡಿನ ಡಿಸಿಐಎಂ ತೆರೆದು, ಬೇಕಾದ ಚಿತ್ರಗಳನ್ನು ಆರಿಸಿ 'ಕಾಪಿ' ಮಾಡಿ, ಹೊಸ ಫೋಲ್ಡರಿನಲ್ಲಿ 'ಪೇಸ್ಟ್' ಮಾಡಿ. 'ಕಟ್' ಮಾಡಬೇಡಿ. ಕಟ್ ಮಾಡಿದಾಗ ಮಧ್ಯೆ ತಂತಿ ಕಳಚಿದರೆ ಚಿತ್ರ ಇಲ್ಲಿಯೂ ಇಲ್ಲ ಅಲ್ಲಿಯೂ ಇಲ್ಲ ಎಂಬಂತಾಗುವ ಅಪಾಯವಿದೆ.

3. ಇಳಿಸಿದ ಮೇಲೆ ನಾಲ್ಕಾರು ಚಿತ್ರಗಳನ್ನು ತೆರೆದು ನೋಡಿ. ಸಂಖ್ಯೆಯನ್ನೂ ಹೋಲಿಸಿ. ಕಾರ್ಡಿನಲ್ಲಿ 84 ಇದ್ದರೆ ಫೋಲ್ಡರಿನಲ್ಲೂ 84 ಇರಬೇಕು.

4. ಅದೇ ಫೋಲ್ಡರನ್ನು ಹೊರಗಿನ ಹಾರ್ಡ್ ಡಿಸ್ಕಿಗೂ ಕಾಪಿ ಮಾಡಿ.

5. 'ಎಜೆಕ್ಟ್' ಒತ್ತಿದ ನಂತರವೇ ಕಾರ್ಡನ್ನು ಹೊರತೆಗೆಯಿರಿ.

6. ಎರಡು ಕಡೆ ಪ್ರತಿ ಇದೆಯೆಂದು ಖಾತ್ರಿಯಾದ ಮೇಲೆ ಕಾರ್ಡನ್ನು ಕ್ಯಾಮರಾಕ್ಕೆ ಹಾಕಿ, ಕ್ಯಾಮರಾದಲ್ಲೇ 'ಫಾರ್ಮ್ಯಾಟ್' ಮಾಡಿ.

ಒಂದು ಎಚ್ಚರಿಕೆ. ಕೆಲವು ಕ್ಯಾಮರಾಗಳು ಕಾರ್ಡ್ ಖಾಲಿಯಾದ ಕೂಡಲೇ ಮತ್ತೆ 1ರಿಂದ ಸಂಖ್ಯೆ ಕೊಡಲು ಆರಂಭಿಸುತ್ತವೆ. ಹಾಗಾದರೆ ಜೂನಿನ ಮೊದಲ ಚಿತ್ರಕ್ಕೂ ಜುಲೈನ ಮೊದಲ ಚಿತ್ರಕ್ಕೂ ಒಂದೇ ಹೆಸರು. ಎರಡನ್ನೂ ಒಂದೇ ಫೋಲ್ಡರಿಗೆ ಹಾಕಿ, ಕಂಪ್ಯೂಟರ್ ಕೇಳಿದ ಪ್ರಶ್ನೆಗೆ 'ರಿಪ್ಲೇಸ್' ಎಂದು ಒತ್ತಿದರೆ ಹಳೆಯ ಚಿತ್ರ ಅಳಿದುಹೋಗುತ್ತದೆ. ದಿನಕ್ಕೊಂದು ಫೋಲ್ಡರ್ ಮಾಡಬೇಕೆಂದು ಹೇಳಿದ್ದು ಇದೇ ಕಾರಣಕ್ಕೆ. ಕ್ಯಾಮರಾದ ಮೆನುವಿನಲ್ಲಿ ಸಂಖ್ಯೆ ಮುಂದುವರಿಯಲಿ ಎಂಬ ಆಯ್ಕೆ ಇದ್ದರೆ ಅದನ್ನು ಚಾಲೂ ಮಾಡಿಟ್ಟುಕೊಳ್ಳಿ.

ಕೈತಪ್ಪಿ ಚಿತ್ರ ಅಳಿಸಿಬಿಟ್ಟಿದ್ದರೆ ಗಾಬರಿ ಬೇಡ, ಆದರೆ ಆ ಕಾರ್ಡಿನಲ್ಲಿ ಮುಂದೆ ಒಂದೂ ಚಿತ್ರ ತೆಗೆಯಬೇಡಿ. ಅಳಿಸಿದ ಚಿತ್ರ ಬಹುತೇಕ ಕಾರ್ಡಿನಲ್ಲೇ ಉಳಿದಿರುತ್ತದೆ. ಹೊಸದು ಅದರ ಮೇಲೆ ಬರೆದಾಗ ಮಾತ್ರ ಹೋಗುತ್ತದೆ. ಫೋಟೋರೆಕ್ ಎಂಬ ಉಚಿತ ತಂತ್ರಾಂಶದಿಂದ ಹಲವು ಸಲ ಅವನ್ನು ಮರಳಿ ಪಡೆಯಬಹುದು. ಅದರ ಬಳಕೆ ಸ್ವಲ್ಪ ಕಷ್ಟ. ತಿಳಿದ ಹುಡುಗರ ನೆರವು ಪಡೆಯುವುದು ಒಳ್ಳೆಯದು.

ಯಾವ ತಂತ್ರಾಂಶ ಸಾಕು?

ಹೊಸಬರಿಗೆ ದುಬಾರಿ ತಂತ್ರಾಂಶದ ಅಗತ್ಯವಿಲ್ಲ. ತೋಟದ ಕೆಲಸಕ್ಕೆ ಬೇಕಾದದ್ದು ನಾಲ್ಕೇ ಕ್ರಿಯೆಗಳು: ತಿರುಗಿಸುವುದು, ಅಂಚು ಕತ್ತರಿಸುವುದು, ಬೆಳಕು ಹೆಚ್ಚು ಕಡಿಮೆ ಮಾಡುವುದು, ಗಾತ್ರ ಕಿರಿದು ಮಾಡುವುದು. ಇವಿಷ್ಟನ್ನು ಮಾಡುವ ಉಚಿತ ತಂತ್ರಾಂಶಗಳು ಸಾಕಷ್ಟಿವೆ.

ವಿಂಡೋಸ್ ಕಂಪ್ಯೂಟರಿನಲ್ಲಿ 'ಫೋಟೋಸ್' ಎಂಬುದು ಮೊದಲೇ ಇರುತ್ತದೆ. ಅದರಲ್ಲಿ 'ಇಂಪೋರ್ಟ್' ಒತ್ತಿ ಕಾರ್ಡಿನಿಂದ ನೇರವಾಗಿ ಚಿತ್ರ ಇಳಿಸಬಹುದು. ಕತ್ತರಿಸುವ, ಬೆಳಕು ತಿದ್ದುವ ಸೌಕರ್ಯವೂ ಇದೆ. ಹೊಸಬರು ಇದರಿಂದ ಆರಂಭಿಸಬಹುದು.

ಇರ್ಫಾನ್‌ವ್ಯೂ ಎಂಬುದು 1996ರಿಂದ ನಡೆದುಬಂದಿರುವ ಪುಟ್ಟ ತಂತ್ರಾಂಶ. ಇರ್ಫಾನ್ ಸ್ಕಿಲ್ಜಾನ್ ಎಂಬವರು ರಚಿಸಿದ್ದರಿಂದ ಈ ಹೆಸರು. ಮನೆಬಳಕೆಗೆ ಉಚಿತ. ಹಳೆಯ, ನಿಧಾನದ ಕಂಪ್ಯೂಟರಿನಲ್ಲೂ ಚುರುಕಾಗಿ ಓಡುತ್ತದೆ. ಒಂದು ಫೋಲ್ಡರಿನ ನೂರು ಚಿತ್ರಗಳನ್ನು ಒಟ್ಟಿಗೇ ಕಿರಿದುಮಾಡಿ ಬೇರೆ ಫೋಲ್ಡರಿಗೆ ಹಾಕುವ ಅದರ 'ಬ್ಯಾಚ್' ಸೌಲಭ್ಯ ನಮ್ಮಂಥವರಿಗೆ ಬಹಳ ಅನುಕೂಲ. ಮೂಲ ಚಿತ್ರಗಳು ಇದ್ದಲ್ಲೇ ಇರುತ್ತವೆ.

ಲಿನಕ್ಸ್ ಬಳಸುವವರಿಗೆ ಶಾಟ್‌ವೆಲ್ ಮತ್ತು ಡಿಜಿಕ್ಯಾಮ್ ಎಂಬ ಎರಡು ಒಳ್ಳೆಯ ಉಚಿತ ತಂತ್ರಾಂಶಗಳಿವೆ. ಶಾಟ್‌ವೆಲ್ ಸರಳ. ಸಾವಿರಾರು ಚಿತ್ರಗಳನ್ನು ಗುರುತುಚೀಟಿ ಹಚ್ಚಿ ವಿಂಗಡಿಸಿಡಬೇಕಾದವರಿಗೆ ಡಿಜಿಕ್ಯಾಮ್ ಹೆಚ್ಚು ಉಪಯುಕ್ತ. ಗಿಂಪ್ ಎಂಬ ಇನ್ನೊಂದು ಉಚಿತ ತಂತ್ರಾಂಶ ಬಹಳ ಶಕ್ತಿಯುತವಾದದ್ದು. ಆದರೆ ಹೊಸಬರಿಗೆ ಅದು ಕೊತ್ತಂಬರಿ ಹೆಚ್ಚಲು ಕೊಡಲಿ ಹಿಡಿದಂತೆ.

ಬೆಳೆಗಾರರಲ್ಲಿ ಹಲವರ ಹಳೆಯ ಕಂಪ್ಯೂಟರಿನಲ್ಲಿ ಪಿಕಾಸಾ ಇನ್ನೂ ಉಳಿದಿರಬಹುದು. ಗೂಗಲ್ ಸಂಸ್ಥೆ 2004ರಲ್ಲಿ ಕೊಂಡುಕೊಂಡ ಈ ತಂತ್ರಾಂಶವನ್ನು 2016ರಲ್ಲಿ ನಿಲ್ಲಿಸಿತು. ಇದನ್ನು ಬಳಸಿದವರು ಒಂದು ವಿಷಯ ಗಮನಿಸಬೇಕು. ಪಿಕಾಸಾದಲ್ಲಿ ಮಾಡಿದ ತಿದ್ದುಪಡಿ, 'ಸೇವ್' ಒತ್ತುವವರೆಗೆ, ಚಿತ್ರದೊಳಗೆ ಸೇರುವುದಿಲ್ಲ. ಪಕ್ಕದ ಒಂದು ಸಣ್ಣ ಕಡತದಲ್ಲಿ ಬರೆದಿರುತ್ತದೆ. ಚಿತ್ರವನ್ನಷ್ಟೇ ಹೊಸ ಕಂಪ್ಯೂಟರಿಗೆ ಒಯ್ದರೆ ತಿದ್ದುಪಡಿ ಹಿಂದೆಯೇ ಉಳಿಯುತ್ತದೆ. ಹಾಗಾಗಿ ಫೋಲ್ಡರನ್ನು ಪೂರ್ತಿಯಾಗಿ, ಮರೆಯಾಗಿರುವ ಕಡತಗಳ ಸಹಿತ, ಸ್ಥಳಾಂತರಿಸಬೇಕು.

ತಂತ್ರಾಂಶಗಳನ್ನು ಅದರದೇ ಅಧಿಕೃತ ತಾಣದಿಂದ ಮಾತ್ರ ಇಳಿಸಿಕೊಳ್ಳಿ. 'ಉಚಿತ ಡೌನ್‌ಲೋಡ್' ಎಂದು ಮಿನುಗುವ ಗುಂಡಿಗಳಲ್ಲಿ ಹಲವು ಬೇರೇನನ್ನೋ ಕಂಪ್ಯೂಟರಿಗೆ ತುಂಬುತ್ತವೆ.

ತಿದ್ದುವ ಮೊದಲು ತಿಳಿಯಬೇಕಾದದ್ದು

ಕ್ಯಾಮರಾ ಸಾಮಾನ್ಯವಾಗಿ ಚಿತ್ರವನ್ನು ಜೆಪೆಗ್ ಎಂಬ ವಿಧಾನದಲ್ಲಿ ಅಡಕಮಾಡಿ ಇಡುತ್ತದೆ. ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಕೈಬಿಟ್ಟು ಜಾಗ ಉಳಿಸುವುದು ಇದರ ರೀತಿ. ಒಂದು ಸಲ ಕೈಬಿಟ್ಟ ವಿವರ ಮತ್ತೆ ಬರುವುದಿಲ್ಲ. ಪ್ರತಿ ಸಲ ತಿದ್ದಿ ಅದೇ ಹೆಸರಿನಲ್ಲಿ ಉಳಿಸಿದಾಗಲೂ ಇನ್ನಷ್ಟು ವಿವರ ಹೋಗುತ್ತದೆ. ಬರಿದೇ ತೆರೆದು ನೋಡಿ ಮುಚ್ಚಿದರೆ ಏನೂ ಹೋಗದು. ತಿದ್ದಿ ಉಳಿಸಿದಾಗಲೇ ನಷ್ಟ. ನಾಲ್ಕಾರು ಬಾರಿ ಹೀಗೆ ಮಾಡಿದರೆ ಎಲೆಚುಕ್ಕಿಯ ಅಂಚು ಮಸುಕಾಗಿ, ಸುತ್ತ ಚೌಕ ಚೌಕ ಕಲೆಗಳು ಏಳುತ್ತವೆ. ಆದ್ದರಿಂದ ಯಾವಾಗಲೂ ಪ್ರತಿಯನ್ನು ತೆರೆದು, 'ಸೇವ್ ಆ್ಯಸ್' ಮೂಲಕ ಬೇರೆ ಹೆಸರಿನಲ್ಲಿ ಉಳಿಸಿ. ಹೆಸರಿನ ಕೊನೆಗೆ 'ತಿದ್ದಿದ್ದು' ಎಂದು ಸೇರಿಸಿದರೆ ಮುಂದೆ ಗೊಂದಲವಿರದು.

ತಿರುಗಿಸುವುದು: ಕ್ಯಾಮರಾವನ್ನು ಅಡ್ಡಕ್ಕೆ ಹಿಡಿದು ತೆಗೆದ ಚಿತ್ರ ಮಲಗಿರುವಂತೆ ಕಂಡರೆ ತಿರುಗಿಸಬಹುದು. ಇರ್ಫಾನ್‌ವ್ಯೂನಲ್ಲಿ ಜೆಪೆಗ್ ಚಿತ್ರವನ್ನು ನಷ್ಟವಿಲ್ಲದೆ ತಿರುಗಿಸುವ ಪ್ರತ್ಯೇಕ ಆಯ್ಕೆ ಇದೆ.

ಕತ್ತರಿಸುವುದು: ಬೇಡದ ಆಕಾಶ, ಕೆಲಸದವರ ಕೈಕಾಲು, ಬೇಲಿ ಇವನ್ನು ತೆಗೆದು ರೋಗದ ಭಾಗವನ್ನು ಮಧ್ಯಕ್ಕೆ ತರಬಹುದು. ಆದರೆ ರೋಗವಿಲ್ಲದ ಸ್ವಲ್ಪ ಭಾಗವನ್ನೂ ಉಳಿಸಿರಿ. ಹಸಿರು ಎಲ್ಲಿ ಮುಗಿದು ಹಳದಿ ಎಲ್ಲಿ ಶುರುವಾಯಿತೆಂದು ತಜ್ಞರು ನೋಡಬೇಕಾಗುತ್ತದೆ.

ಬೆಳಕು: ಅಡಿಕೆ ತೋಟದ ನೆರಳಿನಲ್ಲಿ ತೆಗೆದ ಚಿತ್ರ ಕಪ್ಪಾಗಿ ಬರುವುದು ಸಹಜ. ಬೆಳಕನ್ನು ಸ್ವಲ್ಪ ಏರಿಸಬಹುದು. ಆದರೆ ಬಣ್ಣದ ಕೀಲಿಗಳನ್ನು ಮುಟ್ಟಬೇಡಿ. ಫಿಲ್ಟರುಗಳು, 'ಆಟೋ' ಗುಂಡಿ, ಈಚಿನ ಫೋನುಗಳಲ್ಲಿ ಬಂದಿರುವ ಕೃತಕ ಬುದ್ಧಿಮತ್ತೆಯ ತಿದ್ದುಪಡಿ ಇವು ಮದುವೆಯ ಫೋಟೋಕ್ಕೆ ಇರಲಿ. ಕೃತಕ ಬುದ್ಧಿಮತ್ತೆಯ ತಂತ್ರಾಂಶ ಮಸುಕಾದ ಎಲೆಯನ್ನು ಸ್ಪಷ್ಟಗೊಳಿಸುವಾಗ ಅಲ್ಲಿಲ್ಲದ ವಿವರವನ್ನು ತಾನೇ ಊಹಿಸಿ ಬರೆಯುತ್ತದೆ. ಕಾಂಡಕೊರಕದ ರಂಧ್ರವನ್ನು ಕಲೆಯೆಂದು ಬಗೆದು ಅಳಿಸಿದರೂ ಅಳಿಸೀತು.

ಗಾತ್ರ: 12 ಮೆಗಾಪಿಕ್ಸೆಲ್ ಕ್ಯಾಮರಾದ ಚಿತ್ರದಲ್ಲಿ ಅಡ್ಡಕ್ಕೆ 4,000, ಉದ್ದಕ್ಕೆ 3,000 ಚುಕ್ಕಿಗಳು, ಒಟ್ಟು 1 ಕೋಟಿ 20 ಲಕ್ಷ ಚುಕ್ಕಿಗಳಿರುತ್ತವೆ. ಇದನ್ನು 1,600 ಮತ್ತು 1,200ಕ್ಕೆ ಇಳಿಸಿದರೆ ಸುಮಾರು 19 ಲಕ್ಷ ಚುಕ್ಕಿಗಳಾಗುತ್ತವೆ, ಅಂದರೆ ಆರರಲ್ಲೊಂದು ಪಾಲಿಗಿಂತಲೂ ಕಡಿಮೆ. ಮಿಂಚಂಚೆಯಲ್ಲಿ ಬೇಗ ಹೋಗುತ್ತದೆ, ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಅಚ್ಚಿನಲ್ಲಿ ಅಂಗುಲಕ್ಕೆ 300 ಚುಕ್ಕಿಯಂತೆ 5 ಅಂಗುಲ ಅಗಲಕ್ಕೆ ಸಾಕು. ಆದರೆ ರೋಗದ ಸೂಕ್ಷ್ಮ ಗುರುತು ತೋರಿಸಬೇಕಾದಾಗ ಪೂರ್ಣ ಗಾತ್ರದ ಮೂಲವನ್ನೇ ಕಳುಹಿಸಿ.

ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಾಗ

ಬಹುಮಂದಿ ಚಿತ್ರ ಕಳುಹಿಸುವುದು ವಾಟ್ಸ್‌ಆ್ಯಪ್ ಮೂಲಕ. ಅಲ್ಲಿ ಫೋಟೋ ಎಂದು ಕಳುಹಿಸಿದರೆ ಅದು ಚಿತ್ರವನ್ನು ತಾನೇ ಕುಗ್ಗಿಸುತ್ತದೆ. ತೆಗೆದ ದಿನ, ಸ್ಥಳಗಳ ಮಾಹಿತಿಯನ್ನೂ ಕಿತ್ತುಹಾಕುತ್ತದೆ. ಅದನ್ನು ಪಡೆದವರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಕಳುಹಿಸಿದಾಗ ಇದು ಯಾರ ತೋಟ, ಯಾವ ತಿಂಗಳು ಎಂಬುದೇ ತಿಳಿಯದ ಅನಾಥ ಚಿತ್ರವಾಗುತ್ತದೆ. ಕ್ಲಿಪ್ಪಿನ ಗುರುತು ಒತ್ತಿ 'ಡಾಕ್ಯುಮೆಂಟ್' ಎಂದು ಆರಿಸಿ ಕಳುಹಿಸಿದರೆ ಮೂಲ ಚಿತ್ರ ಇದ್ದಂತೆಯೇ ಹೋಗುತ್ತದೆ. ರೋಗದ ಚಿತ್ರವನ್ನು ಹೀಗೆಯೇ ಕಳುಹಿಸಬೇಕು.

ಚಿತ್ರದ ಜೊತೆ ನಾಲ್ಕು ಸಾಲು ಬರೆಯಿರಿ. ಯಾವ ತಳಿ, ಎಷ್ಟು ವರ್ಷದ ಗಿಡ, ಯಾವಾಗಿನಿಂದ ಕಾಣಿಸಿತು, ಬೋರ್ಡೊ ದ್ರಾವಣ ಯಾವಾಗ ಹೊಡೆಸಿದಿರಿ, ಮಳೆ ಎಷ್ಟಾಯಿತು ಎಂಬುದು ಅದರಲ್ಲಿರಲಿ. ಈ ಟಿಪ್ಪಣಿಯನ್ನು ಕಂಪ್ಯೂಟರಿನಲ್ಲಿ ಅದೇ ಫೋಲ್ಡರಿನೊಳಗೂ ಉಳಿಸಿಡಿ. ಕನ್ನಡದಲ್ಲಿ ಬರೆಯುವವರು ಯೂನಿಕೋಡ್ ಅಕ್ಷರವನ್ನೇ ಬಳಸಬೇಕು. ಹಳೆಯ ರೀತಿಯ ಅಕ್ಷರಶೈಲಿಯಲ್ಲಿ ಬರೆದದ್ದು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ. ಫೋಲ್ಡರುಗಳ ಹೆಸರನ್ನೂ ಯೂನಿಕೋಡ್ ಕನ್ನಡದಲ್ಲಿ ಇಡಲು ಅಡ್ಡಿಯಿಲ್ಲ.

ತಿದ್ದುವ ಅಗತ್ಯವೇ ಬೀಳದಂತೆ ತೆಗೆಯುವುದು

ಒಂದು ರೋಗಕ್ಕೆ ಒಂದೇ ಚಿತ್ರ ಸಾಲದು. ಮೊದಲು ತೋಟದ ಆ ಭಾಗ ಪೂರ್ತಿ ಕಾಣುವಂತೆ ಒಂದು, ಮರ ಅಥವಾ ಗಿಡ ಪೂರ್ತಿ ಕಾಣುವಂತೆ ಇನ್ನೊಂದು, ಎಲೆಯ ಮೇಲ್ಭಾಗ, ಎಲೆಯ ಹಿಂಭಾಗ, ಕಾಂಡ ಅಥವಾ ಕಾಯಿಯನ್ನು ಸೀಳಿದ ಒಳಭಾಗ ಹೀಗೆ ಐದಾರು ಚಿತ್ರಗಳಿರಲಿ. ತುಕ್ಕು ರೋಗದ ಪುಡಿ ಎಲೆಯ ಹಿಂಭಾಗದಲ್ಲಿರುತ್ತದೆ. ಹಳದಿ ಎಲೆ ರೋಗ ತಗಲಿದ ಮರದ ಅಡಿಕೆಯನ್ನು ಸೀಳಿದರೆ ತಿರುಳು ಕಪ್ಪಾಗಿರುವುದು ಕಾಣುತ್ತದೆ. ಮೇಲಿನ ಒಂದು ಚಿತ್ರದಲ್ಲಿ ಇದು ಯಾವುದೂ ಸಿಗದು.

ಎಲೆಯ ಪಕ್ಕದಲ್ಲಿ ಒಂದು ತುಂಡು ಬಿಳಿ ಕಾಗದ ಮತ್ತು ಒಂದು ನಾಣ್ಯವನ್ನು ಇಟ್ಟು ತೆಗೆಯಿರಿ. ಸೋಗೆಗಳ ಮೂಲಕ ಇಳಿಯುವ ಬೆಳಕಿಗೆ ಹಸಿರು ಛಾಯೆ ಇರುತ್ತದೆ, ಚಿತ್ರದಲ್ಲಿ ಎಲ್ಲವೂ ಹಸಿರಾಗಿ ಕಾಣುತ್ತದೆ. ಬಿಳಿ ಕಾಗದವೂ ಹಸಿರಾಗಿದ್ದರೆ ಬೆಳಕಿನ ದೋಷವೆಂದು ನೋಡುವವರಿಗೆ ತಿಳಿಯುತ್ತದೆ. ನಾಣ್ಯದಿಂದ ಚುಕ್ಕಿಯ ಅಳತೆ ಗೊತ್ತಾಗುತ್ತದೆ. ಫ್ಲ್ಯಾಶ್ ಬೇಡ. ಒದ್ದೆ ಎಲೆಯ ಮೇಲೆ ಹೊಳಪು ಬಿದ್ದು ಗುರುತು ಮುಚ್ಚಿಹೋಗುತ್ತದೆ.

ಪರಿಹಾರ, ವಿಮೆ ಮತ್ತು ಚಿತ್ರ

ಕರ್ನಾಟಕದಲ್ಲಿ 2020ರ ಮುಂಗಾರಿನಿಂದ ರೈತರೇ ಮೊಬೈಲ್ ಆ್ಯಪ್ ಮೂಲಕ ಬೆಳೆ ಸಮೀಕ್ಷೆ ಮಾಡುವ ಏರ್ಪಾಡು ಬಂತು. ಅಫಜಲಪುರದ ತೊಗರಿ ಹೊಲಕ್ಕೂ ಮಲೆನಾಡಿನ ಅಡಿಕೆ ತೋಟಕ್ಕೂ ಕ್ರಮ ಒಂದೇ. ಸರ್ವೆ ನಂಬರಿನೊಳಗೆ ನಿಂತು ಆ್ಯಪಿನಲ್ಲಿಯೇ ಚಿತ್ರ ತೆಗೆಯಬೇಕು. ಕ್ಯಾಮರಾದಲ್ಲಿ ತೆಗೆದ ಚಿತ್ರ ಈ ಕೆಲಸಕ್ಕೆ ಬದಲಿ ಅಲ್ಲವೆಂಬುದನ್ನು ಗಮನಿಸಬೇಕು. ಫಸಲ್ ಬಿಮಾ ಯೋಜನೆಯಲ್ಲಿ ಸ್ಥಳೀಯ ವಿಕೋಪದಿಂದ ಬೆಳೆ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮವಿದೆ. ಅಡಿಕೆ, ಕಾಳುಮೆಣಸಿಗೆ ಇರುವುದು ಹವಾಮಾನ ಆಧಾರಿತ ವಿಮೆ. ಅಲ್ಲಿ ಲೆಕ್ಕಕ್ಕೆ ಬರುವುದು ಮಳೆಮಾಪನದ ಅಂಕಿ, ಚಿತ್ರವಲ್ಲ.

ಹಾಗಾದರೆ ನಮ್ಮ ಚಿತ್ರದಿಂದ ಏನು ಪ್ರಯೋಜನ? ಇಲಾಖೆಗೆ ಅರ್ಜಿ ಬರೆಯುವಾಗ, ಸಮೀಕ್ಷೆಯಲ್ಲಿ ಬೆಳೆ ತಪ್ಪಾಗಿ ದಾಖಲಾದಾಗ ಆಕ್ಷೇಪಣೆ ಸಲ್ಲಿಸುವಾಗ, ಹೇಳಿದ ಮಾತಿಗೆ ಅದು ಬೆಂಬಲ. ಇಲ್ಲಿ ಬಹಳ ಮಂದಿ ಮರೆಯುವ ಒಂದು ಸಂಗತಿ ಇದೆ. ಹಾಳಾದ ಮೇಲಿನ ಚಿತ್ರ ಎಲ್ಲರ ಬಳಿಯೂ ಇರುತ್ತದೆ, ಹಾಳಾಗುವ ಮೊದಲಿನದು ಇರುವುದಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದು ಕಾಫಿ ತೋಟಗಳು ಮಣ್ಣಿನಡಿ ಹೋದವು. ಭೀಮಾ ಪ್ರವಾಹದಲ್ಲಿ ಕೊಚ್ಚಿಹೋದ ಹೊಲದಂತೆ, ಜರಿದ ತೋಟದಲ್ಲೂ ಎಷ್ಟು ಗಿಡಗಳಿದ್ದವೆಂದು ಆಮೇಲೆ ಎಣಿಸಲಾಗದು. ವರ್ಷಕ್ಕೆ ಎರಡು ಸಲ, ಮಳೆಗಾಲದ ಮೊದಲು ಮತ್ತು ಕೊಯ್ಲಿನ ಮೊದಲು, ನಿಗದಿಯಾದ ನಾಲ್ಕು ಮೂಲೆಗಳಲ್ಲಿ ನಿಂತು ತೋಟದ ಚಿತ್ರ ತೆಗೆದಿಟ್ಟರೆ ಅದೇ ಲೆಕ್ಕದ ಪುಸ್ತಕ.

ವಿಷಯ ನ್ಯಾಯಾಲಯಕ್ಕೆ ಹೋಗುವುದಾದರೆ ಮೂಲ ಕಡತದ ಬೆಲೆ ಇನ್ನೂ ಹೆಚ್ಚು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ತಿದ್ದಿ ಉಳಿಸಿದ, ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಕೈ ದಾಟಿದ ಪ್ರತಿಯನ್ನು ಹಿಡಿದು ಇದೇ ಮೂಲವೆಂದು ಹೇಳುವುದು ಕಷ್ಟ.

ಕಾಪಾಡುವುದು

ಚಿತ್ರಗಳಿಗೆ ಮೂರು ಪ್ರತಿ ಇರಲಿ. ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಒಂದು ಮನೆಯಿಂದ ಹೊರಗೆ. ಮೂರನೆಯದನ್ನು ಪೇಟೆಯಲ್ಲಿರುವ ಮಕ್ಕಳ ಮನೆಯಲ್ಲಿ ಇಡಬಹುದು ಅಥವಾ ಅಂತರ್ಜಾಲದ ಸಂಗ್ರಹದಲ್ಲಿ ಇಡಬಹುದು. ಗೂಗಲ್ ಫೋಟೋಸ್‌ನಲ್ಲಿ 2021ರ ಜೂನ್ 1ರಿಂದ ಮಿತಿಯಿಲ್ಲದ ಉಚಿತ ಸಂಗ್ರಹ ನಿಂತಿದೆ. ಮಿಂಚಂಚೆಯೂ ಸೇರಿ 15 ಜಿಬಿವರೆಗೆ ಮಾತ್ರ ಉಚಿತ. ಪೆನ್ ಡ್ರೈವನ್ನು ಸಾಗಿಸಲು ಬಳಸಿ, ವರ್ಷಗಟ್ಟಲೆ ಕಾಪಿಡಲು ನಂಬಬೇಡಿ.

ಮಲೆನಾಡಿನ ಮಳೆಗಾಲದಲ್ಲಿ ಕ್ಯಾಮರಾದ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಭೀಮಾ ತೀರದಂಥ ಬಿಸಿಲು ನಾಡಿನಲ್ಲಿ ಧೂಳು ಮತ್ತು ಬಿಸಿಲೇ ಶತ್ರು. ಅಲ್ಲಿಯವರು ನಿಲ್ಲಿಸಿದ ವಾಹನದೊಳಗೆ ಕ್ಯಾಮರಾ ಬಿಡಬಾರದು.

ಇಷ್ಟನ್ನೂ ಒಂದೇ ದಿನ ಕಲಿಯಬೇಕೆಂದಿಲ್ಲ. ಈ ವಾರ ಕ್ಯಾಮರಾದ ಗಡಿಯಾರ ಸರಿಪಡಿಸಿ, ಕಾರ್ಡಿನಲ್ಲಿರುವುದನ್ನು ದಿನಾಂಕದ ಫೋಲ್ಡರಿಗೆ ಇಳಿಸಿ, ಇನ್ನೊಂದು ಕಡೆಗೂ ಕಾಪಿ ಮಾಡಿ. ತಿದ್ದುವುದನ್ನು ಮುಂದಿನ ವಾರ ನೋಡಿದರಾಯಿತು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರನ್ನು ಜೊತೆಗೆ ಕೂರಿಸಿಕೊಳ್ಳಿ. ಗುಂಡಿಗಳು ಅವರಿಗೆ ಬೇಗ ತಿಳಿಯುತ್ತವೆ. ಯಾವ ಸೋಗೆಯ ಹಳದಿ ರೋಗದ್ದು, ಯಾವುದು ವಯಸ್ಸಿನದು ಎಂದು ಅವರಿಗೆ ತೋರಿಸಿಕೊಡುವ ಕೆಲಸ ನಿಮ್ಮದು.